ಅಮ್ಮನ ಮನೆಯ ಕ್ಯಾಮೆರಾ ರಾತ್ರಿ ತಿರುಗುತ್ತಿತ್ತು. ಅದರ ‘ಮಾಲೀಕ’ ನಾನೂ ಅಲ್ಲ, ಅಕ್ಕನೂ ಅಲ್ಲ

ಶರಾವತಿ_ಕಣಿವೆ
ಸೋಮವಾರ, ರಾತ್ರಿ 9:40

ಸಾಗರದ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬಳೇ ಇದ್ದಾಳೆ. ನಾನು ಬೆಂಗಳೂರಿನಲ್ಲಿ, ಅಕ್ಕ ಟೆಕ್ಸಾಸ್‌ನಲ್ಲಿ. ಕಳೆದ ಮಳೆಗಾಲದಲ್ಲಿ ಅಮ್ಮ ಅಂಗಳದ ಪಾಚಿಯಲ್ಲಿ ಜಾರಿಬಿದ್ದು, ಯಾರಿಗೂ ಗೊತ್ತಾಗದೆ ಒಂದು ಗಂಟೆ ಮಳೆಯಲ್ಲೇ ಕುಳಿತಿದ್ದಳು. ಅದಾದ ವಾರದೊಳಗೆ ಪೇಟೆಯ ಅಂಗಡಿಯವರನ್ನು ಕರೆಸಿ ಗೇಟು, ಅಂಗಳ, ಹಿತ್ತಲು, ನಡುಮನೆ ಎಂದು ನಾಲ್ಕು ಕ್ಯಾಮೆರಾ ಹಾಕಿಸಿದೆವು. ನಡುಮನೆಯದು ಕತ್ತು ತಿರುಗಿಸುವ ಬಗೆಯದು. ಫೋನಿನ ಮೇಲೆ ಬೆರಳು ಸರಿಸಿದರೆ ಅದು ಅಲ್ಲಿ ಹೊರಳುತ್ತದೆ, ಮಾತನ್ನೂ ಆಡಬಹುದು.

ಮೂರು ತಿಂಗಳ ಹಿಂದೆ ಅಮ್ಮ ಫೋನಿನಲ್ಲಿ, “ರಾತ್ರಿ ಹನ್ನೊಂದರವರೆಗೆ ನನ್ನನ್ನು ನೋಡುತ್ತಾ ಕೂರಬೇಡ, ಮಲಗಿಕೋ” ಎಂದಳು. ನಾನು ನೋಡಿರಲಿಲ್ಲ. ಅಕ್ಕ ಇರಬೇಕು, ಅವಳಿಗೆ ಆಗ ಹಗಲು ಎಂದುಕೊಂಡೆ. ಅಕ್ಕನಿಗೂ ಅಮ್ಮ ಇಂಥದೇ ಮಾತು ಹೇಳಿದ್ದಳಂತೆ. ಅವಳು ನಾನಿರಬೇಕು ಎಂದುಕೊಂಡಿದ್ದಳು. ಮೊನ್ನೆ ಶನಿವಾರ ಸಂಜೆ ಮೂವರೂ ಒಂದೇ ಕರೆಯಲ್ಲಿದ್ದಾಗ ಮಾತಿಗೆ ಮಾತು ಬಂದು ವಿಷಯ ಹೊರಬಿತ್ತು. “ಹಾಗಾದರೆ ತಿರುಗಿಸುವವರು ಯಾರು?” ಎಂದು ಅಮ್ಮ ಕೇಳಿದಳು. ನಮ್ಮಿಬ್ಬರಿಗೂ ಬಾಯಿ ಕಟ್ಟಿತು. ಅಮ್ಮ ಎದ್ದು ಹೋಗಿ ಅದರ ಮೇಲೆ ಬೈರಾಸು ಹಾಕಿದಳು. ನನ್ನ ಫೋನಿನ ಪರದೆಯ ತುಂಬ ಕೆಂಪು ಚೌಕುಳಿ ಬಂತು. ಇವತ್ತಿಗೂ ಹಾಗೆಯೇ ಇದೆ.

ಆಮೇಲೆ ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ ಹೋಗಿ ನೋಡಿದೆ. ನನ್ನ ಮತ್ತು ಅಕ್ಕನ ಹೆಸರಿನ ಮುಂದೆ ‘ಹಂಚಿಕೊಂಡ ಬಳಕೆದಾರರು’ ಎಂದಿದೆ. ‘ಮಾಲೀಕರು’ ಎಂಬಲ್ಲಿ ನಮ್ಮದಲ್ಲದ ಒಂದು ಮೊಬೈಲ್ ಸಂಖ್ಯೆ. ಬಿಲ್ಲಿನ ತಲೆಯ ಮೇಲಿರುವುದೂ ಅದೇ ಸಂಖ್ಯೆ. ಅಂದರೆ ಕ್ಯಾಮೆರಾ ಹಾಕಿಕೊಟ್ಟವರದು.

ತಿಳಿದವರು ದಯವಿಟ್ಟು ಹೇಳಿ. ಅವರು ಅಮ್ಮನನ್ನು ನೋಡುತ್ತಿದ್ದಾರೆಯೇ? ನಾನು ಈಗ ಮೊದಲು ಮಾಡಬೇಕಾದ್ದು ಏನು? ಎರಡು ದಿನದಿಂದ ನಿದ್ದೆ ಸರಿಯಾಗಿ ಬಂದಿಲ್ಲ.


ಬಯಲುಸೀಮೆ_ಜಾಲ
ಸೋಮವಾರ, ರಾತ್ರಿ 10:25

ಅಮ್ಮ ಬೈರಾಸು ಹಾಕಿದ್ದು ಸರಿಯಾದ ಮೊದಲ ಹೆಜ್ಜೆ. ಅದನ್ನು ತೆಗೆಯಬೇಡಿ ಎಂದು ಹೇಳಿ. ಆದರೆ ಮುಚ್ಚಿದರೆ ಚಿತ್ರ ಮಾತ್ರ ನಿಲ್ಲುತ್ತದೆ, ಮೈಕ್ ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಆ ಒಂದು ಕ್ಯಾಮೆರಾದ ಅಡಾಪ್ಟರ್ ಕಿತ್ತಿಡಲು ಹೇಳಿ.

ನಾನು ದಾವಣಗೆರೆಯವನು, ಹನ್ನೆರಡು ವರ್ಷದಿಂದ ನೆಟ್‌ವರ್ಕ್ ಕೆಲಸದಲ್ಲಿದ್ದೇನೆ. ನಿಮ್ಮ ಬರಹದಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ, ಅವನ್ನು ಕಲಸಬೇಡಿ. ಕತ್ತು ತಿರುಗಿದ್ದು ಒಂದು, ಮಾಲೀಕತ್ವ ಇನ್ನೊಂದು.

ಕತ್ತು ತಿರುಗುವುದಕ್ಕೆ ಮನುಷ್ಯರೇ ಬೇಕೆಂದಿಲ್ಲ. ಈ ಬಗೆಯ ಬಹಳಷ್ಟು ಕ್ಯಾಮೆರಾಗಳಲ್ಲಿ ಚಲನೆಯನ್ನು ಹಿಂಬಾಲಿಸುವ ಸೌಲಭ್ಯವಿರುತ್ತದೆ. ಎದುರಿಗೆ ಏನಾದರೂ ಅಲುಗಾಡಿದರೆ ಅದು ತಾನಾಗಿಯೇ ಆ ಕಡೆಗೆ ಹೊರಳುತ್ತದೆ. ಮನೆಯಲ್ಲಿ ಬೆಕ್ಕು ಇದೆಯೇ? ಆ್ಯಪ್‌ನಲ್ಲಿ ಚಲನೆಯ ಎಚ್ಚರಿಕೆಗಳ ಪಟ್ಟಿ ಇರುತ್ತದೆ. ಅಮ್ಮ ಹೇಳಿದ ರಾತ್ರಿಗಳ ಹೊತ್ತನ್ನು ಅದರೊಂದಿಗೆ ಹೋಲಿಸಿ. ಯಾರ ಮೇಲಾದರೂ ದೂರು ಹೊರಿಸುವ ಮೊದಲು ಇದನ್ನು ಮಾಡಲೇಬೇಕು.

ಮಾಲೀಕತ್ವದ ವಿಷಯ ಮಾತ್ರ ಗಂಭೀರ. ಈ ಕ್ಯಾಮೆರಾಗಳು ಕೆಲಸ ಮಾಡುವ ರೀತಿ ಹೀಗೆ: ಇಲ್ಲಿನ ಬಹುಪಾಲು ಮನೆಯ ಸಂಪರ್ಕಗಳಿಗೆ ಹೊರಗಿನಿಂದ ನೇರವಾಗಿ ತಲುಪುವಂಥ ಸ್ವಂತ ವಿಳಾಸ ಸಿಗುವುದಿಲ್ಲ, ಕಂಪನಿಯವರು ನೂರಾರು ಮನೆಗಳಿಗೆ ಒಂದೇ ವಿಳಾಸವನ್ನು ಹಂಚಿರುತ್ತಾರೆ. ಅದಕ್ಕಾಗಿ ಕ್ಯಾಮೆರಾ ತಾನೇ ಹೊರಟು ತಯಾರಕರ ಸರ್ವರನ್ನು ಮುಟ್ಟಿ ಅಲ್ಲಿ ಕಾಯುತ್ತದೆ. ನಿಮ್ಮ ಫೋನೂ ಅಲ್ಲಿಗೇ ಹೋಗುತ್ತದೆ. ಆ ಸರ್ವರು ಇಬ್ಬರನ್ನೂ ಜೋಡಿಸುತ್ತದೆ. ಯಾರ ಖಾತೆಗೆ ಆ ಕ್ಯಾಮೆರಾ ಮೊದಲು ಸೇರಿತೋ ಅವರೇ ಅದರ ಪಾಲಿಗೆ ಯಜಮಾನರು. ಮನೆ ಯಾರದು, ದುಡ್ಡು ಯಾರು ಕೊಟ್ಟರು ಎಂಬುದು ಅದಕ್ಕೆ ಗೊತ್ತಿಲ್ಲ. ಯಜಮಾನರು ನೋಡಬಹುದು, ಕೇಳಬಹುದು, ಹಳೆಯ ದೃಶ್ಯಗಳನ್ನು ತೆಗೆಯಬಹುದು, ಬೇಕಾದರೆ ನಿಮ್ಮನ್ನೇ ಹೊರಗೆ ಹಾಕಬಹುದು.

ಇಲ್ಲಿ ಯಾರೂ ಬೀಗ ಒಡೆದಿಲ್ಲ. ಕೀಲಿಯೇ ನಿಮ್ಮ ಕೈಗೆ ಬಂದಿಲ್ಲ, ಅಷ್ಟೇ.


ನಿವೃತ್ತ_ಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 6:15

ಓದಿ ಮನಸ್ಸು ಭಾರವಾಯಿತು. ನಿಮ್ಮ ತಾಯಿಯವರ ಆತಂಕ ನಿಜವಾದದ್ದು. ಆದರೆ ನನ್ನದೊಂದು ಪ್ರಾಮಾಣಿಕವಾದ ಸಂಶಯ. ನನ್ನಂಥ ಪಿಂಚಣಿದಾರನ ಮನೆಯಲ್ಲಿ ಯಾರು ಏನನ್ನು ಕದಿಯುತ್ತಾರೆ? ಗೇಟಿನ ಮೇಲೊಂದು ಕ್ಯಾಮೆರಾ, ಯಕ್ಷಗಾನ ನೋಡಲು ಟಿವಿಗೆ ಹಾಕಿದ ಒಂದು ಆಂಡ್ರಾಯ್ಡ್ ಪೆಟ್ಟಿಗೆ, ಮಗ ಕಳುಹಿಸಿದ ಎರಡು ವೈಫೈ ಬಲ್ಬು. ಇಷ್ಟೇ ನನ್ನ ಆಸ್ತಿ. ನನ್ನ ಜಗಲಿಯನ್ನು ನೋಡಿ ಯಾರಿಗೆ ಏನು ಸಿಗುತ್ತದೆ?


ಬಯಲುಸೀಮೆ_ಜಾಲ
ಮಂಗಳವಾರ, ಬೆಳಿಗ್ಗೆ 8:05

ಮೇಷ್ಟ್ರೇ, ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಮಸ್ಕಾರ. ಎಲ್ಲರ ಮನಸ್ಸಿನಲ್ಲೂ ಇರುವುದು ಇದೇ.

ಕಳ್ಳನಿಗೆ ನಿಮ್ಮ ಜಗಲಿ ಬೇಡ. ಅವನಿಗೆ ಬೇಕಾದದ್ದು ನಿಮ್ಮ ಮನೆಯಿಂದ ಹೊರಡುವ ತಂತಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹರಡಿತು. ಅದನ್ನು ಬರೆದವರು ಅಮೆರಿಕದ ಮೂವರು ಹುಡುಗರು, ಇಪ್ಪತ್ತರ ಆಸುಪಾಸಿನವರು. ಮೈನ್‌ಕ್ರಾಫ್ಟ್ ಆಟದ ಸರ್ವರುಗಳ ಪೈಪೋಟಿಯಿಂದ ಈ ದಾರಿಗೆ ಬಂದವರು. ಅದು ಮಾಡುತ್ತಿದ್ದ ಕೆಲಸ ಬಹಳ ಸರಳ. ಅಂತರಜಾಲದಲ್ಲಿ ಸಿಕ್ಕ ಸಿಕ್ಕ ಕ್ಯಾಮೆರಾ, ಕ್ಯಾಮೆರಾದ ದೃಶ್ಯ ತುಂಬಿಡುವ ಡಿವಿಆರ್ ಪೆಟ್ಟಿಗೆ, ರೂಟರ್‌ಗಳ ಬಾಗಿಲು ತಟ್ಟಿ, ಕಾರ್ಖಾನೆಯವರೇ ಇಟ್ಟ 60 ಚಿಲ್ಲರೆ ಹೆಸರು ಮತ್ತು ಪಾಸ್‌ವರ್ಡ್‌ಗಳ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿತ್ತು. ‘ಅಡ್ಮಿನ್, ಅಡ್ಮಿನ್’, ‘ರೂಟ್, 12345’ ಇಂಥವು. ತೆರೆದರೆ ಒಳಗೆ ಕುಳಿತುಕೊಳ್ಳುತ್ತಿತ್ತು. ಮನೆಯವರಿಗೆ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ, ಕ್ಯಾಮೆರಾ ಎಂದಿನಂತೆ ಗೇಟು ತೋರಿಸುತ್ತಲೇ ಇತ್ತು.

ಅಂಥ ಲಕ್ಷಾಂತರ ಸಾಧನಗಳನ್ನು ಒಂದೇ ಹೊತ್ತಿಗೆ ಒಂದೇ ಗುರಿಯ ಮೇಲೆ ಬಿಟ್ಟರೆ ಏನಾಗುತ್ತದೆ? 2016ರ ಅಕ್ಟೋಬರ್ 21ರಂದು, ತಾಣಗಳ ಹೆಸರು ಒತ್ತಿದರೆ ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಸರ್ವರುಗಳ ಮೇಲೆ ಹಾಗೆ ಬಿದ್ದಾಗ ಅಮೆರಿಕದ ಬಹುಭಾಗದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಮಿರಾಯ್ ಬರೆದ ಆ ಹುಡುಗರು ತಪ್ಪೊಪ್ಪಿಕೊಂಡರು, ಅವರ ಪ್ರಕರಣ ಮುಗಿಯಿತು. ಆದರೆ ಮಿರಾಯ್‌ನ ಸೋರ್ಸ್ ಕೋಡನ್ನು ಅವರು ಡೈನ್ ಮೇಲಿನ ದಾಳಿಗೂ ಮೊದಲೇ ಬಹಿರಂಗವಾಗಿ ಹಾಕಿಬಿಟ್ಟಿದ್ದರು. ಅದರ ಮರಿಗಳು, ಮರಿಮಕ್ಕಳು ಇವತ್ತಿಗೂ ಬಾಗಿಲು ತಟ್ಟುತ್ತಿವೆ. ಕ್ಯಾಮೆರಾವನ್ನು ಆರಿಸಿ ಹೊತ್ತಿಸಿದರೆ ಮಿರಾಯ್ ಹೋಗುತ್ತದೆ, ಏಕೆಂದರೆ ಅದು ಮೆಮೊರಿಯಲ್ಲಿ ಮಾತ್ರ ಇರುತ್ತದೆ. ಪಾಸ್‌ವರ್ಡ್ ಹಳೆಯದೇ ಆದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಬರುತ್ತದೆ.

ದೂರದ ಮಾತೆಂದುಕೊಳ್ಳಬೇಡಿ. 2017ರ ಜುಲೈಯಲ್ಲಿ ನಮ್ಮ ದೇಶದಲ್ಲೇ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಸಾವಿರಾರು ಮೋಡೆಮ್‌ಗಳು ಇಂಥ ದಾಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದವು. ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಬದಲಿಸದೇ ಬಿಟ್ಟವರ ಮೋಡೆಮ್‌ಗಳು ಅವು. ಬದಲಿಸಿಕೊಳ್ಳಿ ಎಂದು ಸಂಸ್ಥೆಯೇ ಗ್ರಾಹಕರಿಗೆ ಪ್ರಕಟಣೆ ಕೊಡಬೇಕಾಯಿತು.

ನಿಮ್ಮ ಟಿವಿ ಪೆಟ್ಟಿಗೆಯ ಬಗ್ಗೆ ನನಗೆ ಕ್ಯಾಮೆರಾಕ್ಕಿಂತ ಹೆಚ್ಚು ಚಿಂತೆಯಿದೆ. ಯಾವ ಕಂಪನಿಯದು? ಎಲ್ಲಿ ಕೊಂಡಿರಿ?


ನಿವೃತ್ತ_ಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 9:30

ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿಲ್ಲ. ಒಂದು ಸಂಖ್ಯೆ, ‘4ಕೆ’ ಎಂಬ ಮುದ್ರೆ ಇವೆ. ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಬಂತು. ಎಲ್ಲ ಚಾನೆಲ್ಲುಗಳೂ ಪುಕ್ಕಟೆ ಬರುತ್ತವೆ ಎಂದು ಬರೆದಿದ್ದರು, ಬರುತ್ತಲೂ ಇವೆ.


ಬಯಲುಸೀಮೆ_ಜಾಲ
ಮಂಗಳವಾರ, ಬೆಳಿಗ್ಗೆ 9:50

ಅದನ್ನು ದಯವಿಟ್ಟು ಇವತ್ತೇ ಕಿತ್ತಿಡಿ. ‘ಬ್ಯಾಡ್‌ಬಾಕ್ಸ್’ ಎಂಬ ಜಾಲದ ಬಗ್ಗೆ 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಅದರ ಬೇಟೆಯೇ ಇಂಥ ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳು. ಕೆಲವಕ್ಕೆ ರೋಗ ಕಾರ್ಖಾನೆಯಿಂದ ಮನೆಗೆ ಬರುವ ಮೊದಲೇ ಅಂಟಿರುತ್ತದೆ. ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ, ಅಳಿಸಿ ಮೊದಲಿನಂತೆ ಮಾಡಿದರೂ ಹೋಗುವ ಭರವಸೆ ಇಲ್ಲ. ಆ ಪೆಟ್ಟಿಗೆಗಳನ್ನು ಹಿಡಿದವರು ನಿಮ್ಮ ಸಂಪರ್ಕವನ್ನು ಬೇರೆಯವರಿಗೆ ಬಾಡಿಗೆಗೆ ಕೊಡುತ್ತಾರೆ. ಎಲ್ಲೋ ಕುಳಿತ ವಂಚಕ ಯಾರದೋ ಖಾತೆಗೆ ನುಗ್ಗುವಾಗ, ಆ ಕಡೆಯವರಿಗೆ ಕಾಣುವ ವಿಳಾಸ ನಿಮ್ಮ ಸಂಪರ್ಕದ್ದು. ನಾಳೆ ಪೊಲೀಸರು ವಿಳಾಸ ಹುಡುಕಿಕೊಂಡು ಬಂದರೆ ಅವರು ಬರುವುದು ನಿಮ್ಮ ಜಗಲಿಗೆ.

ನಿಮ್ಮ ಪೆಟ್ಟಿಗೆ ಅಂಥದ್ದೇ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ. ಹೆಸರಿಲ್ಲದ, ಎಲ್ಲವನ್ನೂ ಪುಕ್ಕಟೆ ಕೊಡುವ ಪೆಟ್ಟಿಗೆ ನನ್ನ ಮನೆಯಲ್ಲಿದ್ದರೆ ನಾನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ.


ತುಂಗೆಯ_ಮಗಳು
ಮಂಗಳವಾರ, ಮಧ್ಯಾಹ್ನ 1:10

ತಂತಿ, ಪೆಟ್ಟಿಗೆ ಎಲ್ಲ ಸರಿ. ಆದರೆ ಮೊದಲ ಬರಹದಲ್ಲಿರುವುದು ಒಬ್ಬ ಹೆಂಗಸು ತನ್ನ ನಡುಮನೆಯಲ್ಲಿ ಕುಳಿತಿರುವಾಗ ಒಂದು ಕಣ್ಣು ತನ್ನ ಕಡೆಗೆ ಹೊರಳಿದ ಸದ್ದು. ಅದನ್ನು ಬಿಟ್ಟು ಮುಂದೆ ಹೋಗಬೇಡಿ.

2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಪರೀಕ್ಷೆಯ ಕೊಠಡಿಯಲ್ಲಿದ್ದ ಸಿಸಿಟಿವಿಯ ದೃಶ್ಯಗಳು ಯೂಟ್ಯೂಬ್‌ನಲ್ಲೂ ಟೆಲಿಗ್ರಾಂ ಗುಂಪುಗಳಲ್ಲೂ ಕಾಣಿಸಿಕೊಂಡವು. ಟೆಲಿಗ್ರಾಂನಲ್ಲಿ ಅವು ಮಾರಾಟಕ್ಕಿದ್ದವು. ಬಸುರಿ ಹೆಣ್ಣುಮಕ್ಕಳು ವೈದ್ಯರ ಮುಂದೆ ಮಾತ್ರ ತೋರಿಸಿದ ಮೈ ಅದು. ಪೊಲೀಸರು ಹಲವರನ್ನು ಬಂಧಿಸಿದರು. ಆದರೆ ಆ ದೃಶ್ಯಗಳನ್ನು ಯಾರ ಫೋನಿನಿಂದ ವಾಪಸು ತರುವುದು? ಅಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಕಳ್ಳ ಹೇಗೆ ನುಗ್ಗಿದ ಎಂಬುದಲ್ಲ. ಆ ಕೊಠಡಿಯಲ್ಲಿ ಕ್ಯಾಮೆರಾ ಇಡಬೇಕೆಂದು ಯಾರಿಗೆ ತೋಚಿತು?

ಇನ್ನು ಕಂಪನಿಗಳ ಮಾತು. ರಿಂಗ್ ಅಮೆಜಾನ್‌ಗೆ ಸೇರಿದ ದೊಡ್ಡ ಹೆಸರು. ಅದರ ನೌಕರನೊಬ್ಬ ಮಲಗುವ ಕೋಣೆ, ಬಚ್ಚಲುಮನೆಗಳಂಥ ಕಡೆ ಮಹಿಳೆಯರು ಇಟ್ಟುಕೊಂಡಿದ್ದ ಕ್ಯಾಮೆರಾಗಳ ಸಾವಿರಾರು ದೃಶ್ಯಗಳನ್ನು ತಿಂಗಳುಗಟ್ಟಲೆ ನೋಡಿದ್ದ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು. ಕಂಪನಿ 58 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ ಆ ನೌಕರನನ್ನು ಅದು ತಡೆಯುತ್ತಿರಲಿಲ್ಲ.

ಹೊರಗಿನವರ ಮಾತು ಬಿಡಿ, ನನ್ನ ಗೆಳತಿಯ ಮನೆಯಲ್ಲಿ ಗಂಡನೇ ಅಡುಗೆಮನೆಗೆ ಕ್ಯಾಮೆರಾ ಹಾಕಿಸಿದ್ದಾನೆ, ‘ಭದ್ರತೆಗೆ’ ಎಂದು. ಅವಳು ತವರಿಗೆ ಫೋನ್ ಮಾಡುವುದು ಈಗ ಹಿತ್ತಲಿನ ಬಾವಿಕಟ್ಟೆಯ ಬಳಿ ನಿಂತು.

ಶರಾವತಿ ಅವರೇ, ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ನಡುಮನೆಯ ಕ್ಯಾಮೆರಾ ಹಾಕುವಾಗ ಅಮ್ಮನನ್ನು ಕೇಳಿದ್ದಿರಾ?


ಶರಾವತಿ_ಕಣಿವೆ
ಮಂಗಳವಾರ, ರಾತ್ರಿ 8:30

ಕೇಳಿರಲಿಲ್ಲ. “ಹಾಕಿಸುತ್ತಿದ್ದೇವೆ” ಎಂದು ಹೇಳಿದ್ದೆವು. ಈ ಪ್ರಶ್ನೆಯನ್ನು ಅಕ್ಕನಿಗೂ ಕಳುಹಿಸಿದ್ದೇನೆ.

ಬಯಲುಸೀಮೆ ಅವರು ಹೇಳಿದಂತೆ ಎಚ್ಚರಿಕೆಗಳ ಪಟ್ಟಿ ತೆಗೆದು ನೋಡಿದೆ. ರಾತ್ರಿ ತಿರುಗಿದ ಹೊತ್ತಿನ ತುಣುಕುಗಳಲ್ಲೆಲ್ಲ ನಮ್ಮ ಬೆಕ್ಕು ಇದೆ, ಹತ್ತೂವರೆ ಹನ್ನೊಂದಕ್ಕೆ ಅದು ಅಡುಗೆಮನೆಯಿಂದ ಬಂದು ಅಮ್ಮನ ಮಂಚದ ಕೆಳಗೆ ಹೋಗುತ್ತದೆ. ಹಿಂಬಾಲಿಸುವ ಸೌಲಭ್ಯ ಚಾಲೂ ಇದೆ. ಹಾಗಾಗಿ ರಾತ್ರಿಯ ವಿಷಯದಲ್ಲಿ ನನ್ನ ಅನುಮಾನ ತಪ್ಪು. ಅಂಗಡಿಯವರಿಗೆ ಕರೆ ಮಾಡಿ ಕೂಗಾಡದೇ ಇದ್ದದ್ದು ಒಳ್ಳೆಯದಾಯಿತು.

ಆದರೆ ಹಗಲಿನಲ್ಲಿ, ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರ ನಡುವೆ, ಕ್ಯಾಮೆರಾ ಎಡದಿಂದ ಬಲಕ್ಕೆ ಪೂರ್ತಿ ಒಂದು ಸುತ್ತು ಹಾಕಿ ಮತ್ತೆ ಜಾಗಕ್ಕೆ ಬಂದ ಕೆಲವು ತುಣುಕುಗಳಿವೆ. ಅವುಗಳಲ್ಲಿ ಬೆಕ್ಕು ಇಲ್ಲ, ಯಾರೂ ಓಡಾಡುತ್ತಿಲ್ಲ. ಅಮ್ಮ ಒಂದರಲ್ಲಿ ಹೂ ಕಟ್ಟುತ್ತಿದ್ದಾಳೆ, ಒಂದರಲ್ಲಿ ಮಲಗಿದ್ದಾಳೆ. ಅಕ್ಕನಿಗೆ ಆಗ ನಡುರಾತ್ರಿಯಿಂದ ಬೆಳಗಿನವರೆಗಿನ ಹೊತ್ತು. ನಾನು ಕಚೇರಿಯಲ್ಲಿ.

ಗುರುವಾರ ರಜೆ ಹಾಕಿ ಊರಿಗೆ ಹೋಗುತ್ತಿದ್ದೇನೆ.


ಹುಬ್ಬಳ್ಳಿ_ಸಿಸಿಟಿವಿ
ಮಂಗಳವಾರ, ರಾತ್ರಿ 10:00

ನಾನು ಇದೇ ಕೆಲಸದವನು, ಹದಿನಾಲ್ಕು ವರ್ಷವಾಯಿತು. ನಮ್ಮವರು ಹೀಗೇಕೆ ಮಾಡುತ್ತಾರೆ ಎಂದು ಒಳಗಿನವನಾಗಿ ಹೇಳುತ್ತೇನೆ. ಸಮರ್ಥನೆ ಎಂದು ತಿಳಿಯಬೇಡಿ.

ಕ್ಯಾಮೆರಾ ಹಾಕುವ ದಿನ ಮನೆಯಲ್ಲಿ ವಯಸ್ಸಾದವರಿರುತ್ತಾರೆ. ಅವರ ಕೈಯಲ್ಲಿ ಕೀಪ್ಯಾಡ್ ಫೋನು. ಆ್ಯಪ್ ಹಾಕಿಕೊಳ್ಳಬೇಕಾದ ಮಗ ಇನ್ನೊಂದು ದೇಶದಲ್ಲಿ ನಿದ್ದೆಯಲ್ಲಿರುತ್ತಾನೆ. ಒಟಿಪಿ ಬರದೆ ಕೆಲಸ ಮುಗಿಯದು, ಸಂಜೆಯೊಳಗೆ ಇನ್ನೊಂದು ಮನೆ ಇದೆ. ಆಗ ನಮ್ಮ ಹುಡುಗರು ತಮ್ಮ ಫೋನಿನಲ್ಲೇ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ತಮ್ಮ ಖಾತೆಗೇ ಸೇರಿಸಿ, ಆಮೇಲೆ ಗಿರಾಕಿಗೆ ಹಂಚುತ್ತಾರೆ. ಐದು ನಿಮಿಷದ ಕೆಲಸ. ಇನ್ನೊಂದು ಕಾರಣ, ಗಿರಾಕಿಗಳು ಪಾಸ್‌ವರ್ಡ್ ಮರೆಯುತ್ತಾರೆ. ಮಾಲೀಕ ಖಾತೆಯೇ ಕೈತಪ್ಪಿದರೆ ಡಿವಿಆರ್ ಬಿಡಿಸಿಕೊಳ್ಳಲು ಕಂಪನಿಗೆ ಬಿಲ್ಲು, ಸೀರಿಯಲ್ ನಂಬರು ಕಳುಹಿಸಿ ದಿನಗಟ್ಟಲೆ ಕಾಯಬೇಕು. ಬೈಗುಳ ನಮಗೆ. ಅದಕ್ಕೆ ‘ನಮ್ಮ ಹತ್ತಿರವೇ ಇರಲಿ’ ಎಂಬ ರೂಢಿ ಬಂತು. ಎಷ್ಟೋ ಅಂಗಡಿಗಳಲ್ಲಿ ಎಲ್ಲ ಮನೆಗಳಿಗೂ ಒಂದೇ ಪಾಸ್‌ವರ್ಡ್, ಅಂಗಡಿಯ ಹೆಸರು ಮತ್ತು 123.

ನಾನೂ ಮೊದಲ ಐದಾರು ವರ್ಷ ಇದನ್ನೇ ಮಾಡಿದೆ. ಕೆಲಸ ಬಿಟ್ಟು ಹೋದ ಹುಡುಗನೊಬ್ಬನ ಫೋನಿನಲ್ಲಿ ನನ್ನ ಗಿರಾಕಿಗಳ ಮನೆಗಳು ಆರು ತಿಂಗಳು ಹಾಗೆಯೇ ಇದ್ದವು ಎಂದು ಗೊತ್ತಾದ ದಿನ ಕೈಕಾಲು ತಣ್ಣಗಾದವು. ಅವನು ಏನೂ ಮಾಡಿರಲಿಲ್ಲ, ಅವನು ಒಳ್ಳೆಯವನು. ಒಳ್ಳೆಯವನಾಗಿರದಿದ್ದರೆ?

ಈಗ ನಾನು ಹಸ್ತಾಂತರ ಚೀಟಿ ಇಟ್ಟಿದ್ದೇನೆ. ಮನೆಯವರ ಸಂಖ್ಯೆಯಲ್ಲೇ ಖಾತೆ ತೆರೆಯುತ್ತೇನೆ. ಪಾಸ್‌ವರ್ಡನ್ನು ಅವರೇ ಒತ್ತುತ್ತಾರೆ, ನಾನು ಆ ಕಡೆ ತಿರುಗಿ ನಿಲ್ಲುತ್ತೇನೆ. ಅದನ್ನು ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ಕಪಾಟಿನಲ್ಲಿ ಇಡಲು ಹೇಳುತ್ತೇನೆ. ಮಾಲೀಕರ ಸಂಖ್ಯೆ, ಎಷ್ಟು ಜನರಿಗೆ ಹಂಚಿದೆ, ಡಿವಿಆರ್‌ನಲ್ಲಿ ಎಷ್ಟು ಖಾತೆ ಎಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ರಿಪೇರಿಗೆ ನೋಡಬೇಕಾದರೆ ಆ ದಿನದ ಮಟ್ಟಿಗೆ ನನಗೆ ಹಂಚುತ್ತಾರೆ, ಮುಗಿದ ಮೇಲೆ ತೆಗೆಯುತ್ತಾರೆ. ಒಂದು ಮನೆಗೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಹಗಲಿನ ತುಣುಕುಗಳ ಬಗ್ಗೆ ನನಗೊಂದು ಊಹೆ ಇದೆ. ಅದು ಸುಳ್ಳಾಗಲಿ. ನೀವು ಅಂಗಡಿಗೆ ಹೋಗಿ ಬನ್ನಿ, ಆಮೇಲೆ ಹೇಳುತ್ತೇನೆ.


ಥೇಮ್ಸ್_ಕನ್ನಡಿಗ
ಬುಧವಾರ, ನಸುಕಿನ 2:40

ಲಂಡನ್ನಿನಿಂದ ಬರೆಯುತ್ತಿದ್ದೇನೆ. ನಾನೂ ಧಾರವಾಡದ ಮನೆಗೆ ಇಂಥದೇ ಕ್ಯಾಮೆರಾ ಹಾಕಿಸಿದವನು. ಇದನ್ನು ಓದಿ ಈಗಷ್ಟೇ ನೋಡಿದೆ, ಪುಣ್ಯಕ್ಕೆ ಮಾಲೀಕ ಖಾತೆ ನನ್ನದೇ.

ಇಲ್ಲಿ 2024ರ ಏಪ್ರಿಲ್ 29ರಿಂದ ಒಂದು ಕಾನೂನು ಜಾರಿಯಲ್ಲಿದೆ. ಅಂತರಜಾಲಕ್ಕೆ ಜೋಡಿಸುವ ಗೃಹಬಳಕೆಯ ಸಾಧನಗಳನ್ನು ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ. ದೋಷ ಕಂಡವರು ಯಾರಿಗೆ ತಿಳಿಸಬೇಕೆಂದು ಹೇಳಬೇಕು. ಕನಿಷ್ಠ ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ಮೊದಲೇ ಪ್ರಕಟಿಸಬೇಕು. ಈ ಮೂರನೆಯದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹತ್ತು ವರ್ಷ ಬಾಳುವ ಬಲ್ಬಿಗೆ ಎರಡು ವರ್ಷ ಮಾತ್ರ ಅಪ್‌ಡೇಟ್ ಬಂದರೆ ಉಳಿದ ಎಂಟು ವರ್ಷ ಅದು ಬಾಗಿಲಿಲ್ಲದ ಮನೆ.

ನಮ್ಮಲ್ಲಿ ಸಿಸಿಟಿವಿಗೆ ಕೇಂದ್ರದ ಎಲೆಕ್ಟ್ರಾನಿಕ್ಸ್ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಭದ್ರತಾ ನಿಯಮ ಹೊರಡಿಸಿತು, 2025ರ ಏಪ್ರಿಲ್ 9ರಿಂದ ಅದು ಕಡ್ಡಾಯ. ಯಂತ್ರಾಂಶ, ತಂತ್ರಾಂಶ, ಜಾಲ ಸಂಪರ್ಕ ಎಲ್ಲದರ ಪರೀಕ್ಷೆ ಆಗಬೇಕು. ಒಳ್ಳೆಯ ಕೆಲಸ. ಆದರೆ ಬಲ್ಬು, ಪ್ಲಗ್ಗು, ಮೇಷ್ಟ್ರ ಟಿವಿ ಪೆಟ್ಟಿಗೆ ಆ ನಿಯಮದೊಳಗೆ ಬರುವುದಿಲ್ಲ. ದೂರಸಂಪರ್ಕ ಇಲಾಖೆಯ ಟಿಇಸಿ 2021ರಲ್ಲಿ ಎಲ್ಲ ಗೃಹಸಾಧನಗಳಿಗೂ ಅನ್ವಯಿಸುವ ಸಂಹಿತೆಯೊಂದನ್ನು ಪ್ರಕಟಿಸಿದೆ, ಅದು ಮಾರ್ಗದರ್ಶಿ ಮಾತ್ರ.

ಕಂಪನಿಯ ಸರ್ವರೇ ಎಡವುವುದೂ ಉಂಟು. 2024ರ ಫೆಬ್ರವರಿಯಲ್ಲಿ ವೈಜ್ ಎಂಬ ಕಂಪನಿಯ ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರಗಳು ಕಾಣಿಸಿಕೊಂಡವು. ಯಾರೂ ನುಗ್ಗಿರಲಿಲ್ಲ, ಸರ್ವರು ಕೆಟ್ಟು ಮತ್ತೆ ಎದ್ದಾಗ ಯಾರ ಚಿತ್ರ ಯಾರಿಗೆ ಎಂಬುದು ಕಲಸಿಹೋಗಿತ್ತು. ಆದ್ದರಿಂದ ತುಂಗೆಯ ಮಗಳು ಕೇಳಿದ ಪ್ರಶ್ನೆ, ‘ಅಲ್ಲಿ ಕ್ಯಾಮೆರಾ ಬೇಕೇ’ ಎಂಬುದು, ಎಲ್ಲ ತಾಂತ್ರಿಕ ಉಪಾಯಗಳಿಗಿಂತ ಮೊದಲು ಬರಬೇಕು.


ಶರಾವತಿ_ಕಣಿವೆ
ಗುರುವಾರ, ರಾತ್ರಿ 11:20

ಊರಿನಿಂದ ಬರೆಯುತ್ತಿದ್ದೇನೆ. ಅಮ್ಮ ಮಲಗಿದ್ದಾಳೆ.

ಮಧ್ಯಾಹ್ನ ಅಂಗಡಿಗೆ ಹೋದೆ. ನಾನು ಯಾರೆಂದು ಮೊದಲೇ ಹೇಳಲಿಲ್ಲ, ಹೊಸ ಕ್ಯಾಮೆರಾ ವಿಚಾರಿಸಲು ಬಂದವನಂತೆ ನಿಂತೆ. ಕೌಂಟರಿನಲ್ಲಿ ಹತ್ತೊಂಬತ್ತು ಇಪ್ಪತ್ತರ ಹುಡುಗ. ಬಹಳ ಮರ್ಯಾದೆಯಿಂದ ಮಾತನಾಡಿಸಿ, ಚಹಾ ತರಿಸಿದ. “ಚಿತ್ರ ಎಷ್ಟು ಸ್ಪಷ್ಟ ಬರುತ್ತದೆ ತೋರಿಸುತ್ತೇನೆ ಸರ್” ಎಂದು ಅಂಗಡಿಯ ಫೋನ್ ತೆಗೆದ. ನಾಲ್ಕು ಅಂಕಿಯ ಬೀಗ, ನನ್ನೆದುರೇ ಒತ್ತಿದ. ಆ್ಯಪ್ ತೆರೆದರೆ ಮನೆಗಳ ಪಟ್ಟಿ. ಬೆರಳು ಸರಿಸುತ್ತಾ ಹೋದ, ಅದು ಮುಗಿಯಲೇ ಇಲ್ಲ. ಊರಿನ ಹೆಸರು, ಮನೆತನದ ಹೆಸರು, ‘ಡಾಕ್ಟರ ಮನೆ’, ‘ಮೇಲಿನಕೇರಿ’ ಹೀಗೆ ಸಾಲು ಸಾಲು. ಒಂದನ್ನು ಒತ್ತಿದ.

ಯಾರದೋ ಅಡುಗೆಮನೆ. ನಡುವಯಸ್ಸಿನ ಹೆಂಗಸೊಬ್ಬರು ನೆಲದ ಮೇಲೆ ಕಾಲು ಚಾಚಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಒಮ್ಮೆ ಅಕ್ಕಿಯಿಂದ ಏನನ್ನೋ ಹೆಕ್ಕಿ ಬಿಸಾಡಿದರು. ಹುಡುಗ, “ನೋಡಿ ಸರ್, ಅಕ್ಕಿಕಾಳು ಕೂಡ ಕಾಣುತ್ತದೆ” ಎಂದು ಚಿತ್ರವನ್ನು ಹಿಗ್ಗಿಸಿದ. ಆಮೇಲೆ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಒಂದು ಸುತ್ತು ತಿರುಗಿಸಿ ತೋರಿಸಿದ. ಆ ಹೆಂಗಸು ತಲೆಯೆತ್ತಿ ನಮ್ಮ ಕಡೆಗೆ ನೋಡಿದರು.

ನಾನು ಮುಖ ತಿರುಗಿಸಿಕೊಂಡೆ. ಹಗಲಿನ ತುಣುಕುಗಳ ಅರ್ಥ ಆಗ ಆಯಿತು. ನನ್ನ ಅಮ್ಮ ಹೂ ಕಟ್ಟುವುದನ್ನೂ ಹೀಗೆಯೇ ಗಿರಾಕಿಗಳಿಗೆ ತೋರಿಸಿದ್ದಾರೆ.

ಮಾಲೀಕರು ಬಂದ ಮೇಲೆ ನನ್ನ ಪರಿಚಯ ಹೇಳಿದೆ. ಅವರು ಕೆಟ್ಟವರಲ್ಲ ಎಂದು ಈಗಲೂ ನಂಬುತ್ತೇನೆ. ಅಪ್ಪ ಹೋದಾಗ ಮನೆಗೆ ಬಂದು ಕುಳಿತಿದ್ದವರು. “ಸರ್ವಿಸ್‌ಗೆ ಅನುಕೂಲವಾಗಲಿ ಎಂದು ಇಟ್ಟುಕೊಂಡೆವು, ಬೇರೆ ಉದ್ದೇಶವಿಲ್ಲ” ಎಂದರು. ಡೆಮೊ ತೋರಿಸುವುದು ತಪ್ಪೆಂದು ಅವರಿಗೆ ಹೊಳೆದೇ ಇರಲಿಲ್ಲ. “ನಿಮ್ಮ ತಾಯಿಯನ್ನು ಹೀಗೆ ನಾನು ತೋರಿಸಿದರೆ?” ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ನನ್ನೆದುರಿಗೇ ನಮ್ಮ ನಾಲ್ಕೂ ಕ್ಯಾಮೆರಾಗಳನ್ನು ಅವರ ಖಾತೆಯಿಂದ ತೆಗೆದರು.

ಹುಬ್ಬಳ್ಳಿಯವರೇ, ನಿಮ್ಮ ಊಹೆ ಇದೇ ಆಗಿತ್ತೇ?


ಹುಬ್ಬಳ್ಳಿ_ಸಿಸಿಟಿವಿ
ಶುಕ್ರವಾರ, ಬೆಳಿಗ್ಗೆ 7:00

ಇದೇ. ನಮ್ಮ ಕಸುಬಿನಲ್ಲಿ ಬಹಳ ಕಡೆ ನಡೆಯುತ್ತದೆ. ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಡೆಮೊ ಬೇಕಾದರೆ ಅಂಗಡಿಯ ಬಾಗಿಲಿಗೆ ಒಂದು ಕ್ಯಾಮೆರಾ ಹಾಕಿಕೊಂಡು ರಸ್ತೆ ತೋರಿಸಬಹುದು, ನಾನು ಹಾಗೆ ಮಾಡುತ್ತೇನೆ.


ಬಯಲುಸೀಮೆ_ಜಾಲ
ಶುಕ್ರವಾರ, ಬೆಳಿಗ್ಗೆ 8:20

ನಾಲ್ಕು ಅಂಕಿಯ ಬೀಗದ ಹಿಂದೆ ಒಂದು ಪೇಟೆಯ ಮನೆಗಳೆಲ್ಲ. ಇದನ್ನು ಓದಿದಾಗ ವರ್ಕಾಡ ನೆನಪಾಯಿತು. 2021ರ ಮಾರ್ಚ್‌ನಲ್ಲಿ ಆ ಕ್ಯಾಮೆರಾ ಕಂಪನಿಯ ಒಂದು ಮೇಲುಸ್ತುವಾರಿ ಖಾತೆಯ ಹೆಸರು, ಪಾಸ್‌ವರ್ಡ್ ಅಂತರಜಾಲದಲ್ಲಿ ತೆರೆದುಕೊಂಡಿದ್ದವು. ಸಿಕ್ಕವರು ಆಸ್ಪತ್ರೆ, ಜೈಲು, ಶಾಲೆಗಳ ಸುಮಾರು 1,50,000 ಕ್ಯಾಮೆರಾಗಳ ಒಳಗೆ ಇಣುಕಿದರು. ನಿಮ್ಮ ಪೇಟೆಯ ಆ ಫೋನನ್ನು ಯಾರಾದರೂ ಬಸ್ಸಿನಲ್ಲಿ ಜೇಬಿನಿಂದ ಎತ್ತಿದರೂ ಅಷ್ಟೇ.

ಖಾತೆಯಿಂದ ತೆಗೆಸಿದರೆ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಊರಿನಲ್ಲಿರುವಾಗಲೇ ಇಷ್ಟನ್ನು ಮಾಡಿ. ಡಿವಿಆರ್‌ಗೆ ಟಿವಿ ಜೋಡಿಸಿ ಅದರ ಒಳಗಿನ ಬಳಕೆದಾರರ ಪಟ್ಟಿ ತೆಗೆಯಿರಿ. ‘ಅಡ್ಮಿನ್’ ಬಿಟ್ಟು ಬೇರೆ ಹೆಸರುಗಳಿದ್ದರೆ ಅಳಿಸಿ, ಅಡ್ಮಿನ್‌ಗೆ ಹೊಸ ಪಾಸ್‌ವರ್ಡ್ ಕೊಡಿ. ಆ್ಯಪ್‌ನ ಖಾತೆ ಬೇರೆ, ಡಿವಿಆರ್‌ನ ಖಾತೆ ಬೇರೆ, ಬಹಳ ಜನ ಎಡವುವುದು ಇಲ್ಲಿಯೇ. ರೂಟರಿನ ಬೆನ್ನ ಮೇಲೆ ಅಂಟಿಸಿದ ಚೀಟಿಯಲ್ಲಿ ಅದರ ಪಾಸ್‌ವರ್ಡ್ ಇರುತ್ತದೆ. ಅದನ್ನೂ ವೈಫೈ ಪಾಸ್‌ವರ್ಡನ್ನೂ ಬದಲಿಸಿ, ಏಕೆಂದರೆ ಹಾಕಲು ಬಂದವರಿಗೆ ಎರಡೂ ಗೊತ್ತಿದ್ದವು. ರೂಟರಿನಲ್ಲಿ ಯುಪಿಎನ್‌ಪಿ ಎಂಬುದು ಚಾಲೂ ಇದ್ದರೆ ಆರಿಸಿ. ಅದಿದ್ದರೆ ಒಳಗಿನ ಸಾಧನಗಳು ನಿಮ್ಮನ್ನು ಕೇಳದೆ ಹೊರಗಿನ ಬಾಗಿಲು ತೆರೆದುಕೊಳ್ಳಬಲ್ಲವು. ಅತಿಥಿಗಳ ವೈಫೈ ಸೌಲಭ್ಯವಿದ್ದರೆ ಕ್ಯಾಮೆರಾ, ಬಲ್ಬು, ಟಿವಿಯನ್ನು ಅದಕ್ಕೆ ಸೇರಿಸಿ, ಅಮ್ಮನ ಬ್ಯಾಂಕಿನ ಆ್ಯಪ್ ಇರುವ ಫೋನು ಮುಖ್ಯ ವೈಫೈಯಲ್ಲಿರಲಿ. ಆ್ಯಪ್ ಖಾತೆಗೆ ಒಟಿಪಿಯ ಎರಡನೇ ಬೀಗ ಹಾಕಿ.

ಕ್ಯಾಮೆರಾದ ತಳದಲ್ಲಿರುವ ಕ್ಯೂಆರ್ ಚೀಟಿಯ ಫೋಟೊವನ್ನು ಯಾರಿಗೂ ವಾಟ್ಸ್‌ಆ್ಯಪ್ ಮಾಡಬೇಡಿ. ಅದರಲ್ಲಿ ಆ ಕ್ಯಾಮೆರಾದ ಗುರುತು ಸಂಖ್ಯೆ ಇರುತ್ತದೆ. 2019ರಲ್ಲಿ ಐಲಿಂಕ್ ಪಿ2ಪಿ ಎಂಬ ತಂತ್ರಾಂಶವಿದ್ದ 20 ಲಕ್ಷಕ್ಕೂ ಹೆಚ್ಚು ಸಾಧನಗಳಲ್ಲಿ ಆ ಸಂಖ್ಯೆಯನ್ನು ಊಹಿಸಿಯೇ ತಲುಪಬಹುದೆಂದು ಸಂಶೋಧಕರೊಬ್ಬರು ತೋರಿಸಿದ್ದರು.


ತುಂಗೆಯ_ಮಗಳು
ಶುಕ್ರವಾರ, ಬೆಳಿಗ್ಗೆ 11:45

ಆ ಅಕ್ಕಿ ಆರಿಸುತ್ತಿದ್ದ ಹೆಂಗಸಿಗೆ ಯಾರು ಹೇಳುತ್ತಾರೆ? ನಿಮ್ಮ ಅಮ್ಮನಿಗೆ ನೀವಿದ್ದೀರಿ.

ಯಾರಿಗಾದರೂ ಅವಶ್ಯವಿದ್ದರೆ ಇರಲಿ ಎಂದು ಬರೆಯುತ್ತೇನೆ: ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ಸೆರೆಹಿಡಿಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಸಜೆ ಇದೆ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದೆ. ನಮ್ಮ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗಳಿವೆ, ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲೂ ಕೊಡಬಹುದು.


ನಿವೃತ್ತ_ಮೇಷ್ಟ್ರು
ಶುಕ್ರವಾರ, ಸಂಜೆ 5:30

ಟಿವಿ ಪೆಟ್ಟಿಗೆ ಕಿತ್ತಿಟ್ಟೆ. ಗೇಟಿನ ಕ್ಯಾಮೆರಾದ ಮಾಲೀಕರು ಯಾರೆಂದು ನೋಡಲು ಪಕ್ಕದ ಮನೆಯ ಹುಡುಗಿಯನ್ನು ಕರೆದೆ. ನಮ್ಮದೂ ಅಂಗಡಿಯವರ ಹೆಸರಿನಲ್ಲೇ ಇದೆ. ಅವಳ ಮನೆಯದನ್ನೂ ನೋಡಿದೆವು, ಅದೂ ಹಾಗೆಯೇ. ಈಗ ನಮ್ಮ ಬೀದಿಯ ಹನ್ನೊಂದು ಮನೆಗಳ ಪಟ್ಟಿ ಮಾಡಿಕೊಂಡು ನಾಳೆಯಿಂದ ಒಂದೊಂದಾಗಿ ಹೋಗುತ್ತಿದ್ದೇವೆ.


ಶರಾವತಿ_ಕಣಿವೆ
ಶನಿವಾರ, ರಾತ್ರಿ 9:15

ಬಯಲುಸೀಮೆ ಅವರು ಹೇಳಿದ ಎಲ್ಲವನ್ನೂ ಮಾಡಿದೆ. ಡಿವಿಆರ್‌ನ ಒಳಗೆ ‘ಸರ್ವಿಸ್’ ಎಂಬ ಹೆಸರಿನ ಇನ್ನೊಂದು ಖಾತೆ ಇತ್ತು, ಅಳಿಸಿದೆ. ಮಾಲೀಕ ಖಾತೆ ಈಗ ಅಮ್ಮನ ಸಂಖ್ಯೆಯಲ್ಲಿದೆ. ನಾನು ಮತ್ತು ಅಕ್ಕ ಅವಳು ಹಂಚಿದವರು. ಪಾಸ್‌ವರ್ಡನ್ನು ಅಮ್ಮನೇ ಇಟ್ಟಳು. ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬರೆದ ಚೀಟಿ ಅವಳ ಸೀರೆಯ ಪೆಟ್ಟಿಗೆಯಲ್ಲಿದೆ.

ನಡುಮನೆಯದು ಬೇಕೇ ಬೇಡವೇ ಎಂದು ಈ ಬಾರಿ ಕೇಳಿದೆವು. ಅಕ್ಕನೂ ಕರೆಯಲ್ಲಿದ್ದಳು. ಅಮ್ಮ ಸ್ವಲ್ಪ ಯೋಚಿಸಿ, “ಬಿದ್ದರೆ ನಿಮಗೆ ಗೊತ್ತಾಗಬೇಕು, ಅದು ಸರಿ. ನಾನು ಬಿದ್ದದ್ದು ಅಂಗಳದಲ್ಲಿ. ಅಂಗಳದ್ದು ಇರಲಿ” ಎಂದಳು. ನಡುಮನೆಯದನ್ನು ಬಿಚ್ಚಿದೆ. ದಿನಕ್ಕೆರಡು ಸಲ ಫೋನ್ ಮಾಡಬೇಕೆಂದು ಅಕ್ಕ ತನಗೂ ನನಗೂ ಹೊತ್ತು ಹಂಚಿದ್ದಾಳೆ.

ಇವತ್ತು ಸಂಜೆ ಅಂಗಡಿಯವರು ತಾವಾಗಿಯೇ ಮನೆಗೆ ಬಂದಿದ್ದರು. ಉಳಿದ ಮನೆಗಳನ್ನೂ ಅವರವರ ಹೆಸರಿಗೆ ಮಾಡಿಕೊಡುತ್ತೇನೆ, ಹೇಗೆ ಶುರುಮಾಡಬೇಕೆಂದು ತಿಳಿಯುತ್ತಿಲ್ಲ ಎಂದರು. ಆ ಅಡುಗೆಮನೆಯಿಂದಲೇ ಶುರುಮಾಡಿ ಎಂದೆ.


ಹುಬ್ಬಳ್ಳಿ_ಸಿಸಿಟಿವಿ
ಶನಿವಾರ, ರಾತ್ರಿ 9:50

ನನ್ನ ಹಸ್ತಾಂತರ ಚೀಟಿಯ ಮಾದರಿ ಕನ್ನಡದಲ್ಲೇ ಇದೆ, ಒಂದು ಪುಟ. ಅವರಿಗೆ ಕೊಡುವುದಾದರೆ ಕಳುಹಿಸುತ್ತೇನೆ. ಮೇಷ್ಟ್ರ ಬೀದಿಗೂ ಬೇಕಾಗಬಹುದು.


ಶರಾವತಿ_ಕಣಿವೆ
ಶನಿವಾರ, ರಾತ್ರಿ 9:55

ಕಳುಹಿಸಿ. ನಾಳೆ ಬಸ್ಸು ಹತ್ತುವ ಮೊದಲು ಪೇಟೆಯಲ್ಲಿ ನೂರು ಪ್ರತಿ ತೆಗೆಸಿ ಅವರ ಅಂಗಡಿಯಲ್ಲಿ ಇಟ್ಟು ಹೋಗುತ್ತೇನೆ.